ನಕ್ಷೆ ಸಾಹೇಬರು ಕಂಪ್ಯೂಟರ್ ತಿದ್ದಿದ್ದು

ನಗರಸಭೆಯ ಕಟ್ಟಡ ವಿಭಾಗದಲ್ಲಿ ನಕ್ಷೆ ತಪಾಸಣೆ ಮಾಡುವ ಒಬ್ಬ ಮಹಾನುಭಾವರಿದ್ದರು. ಯಾರಾದರೂ ಮನೆ ಕಟ್ಟಿ ಮುಗಿಸಿದರೆ, ಮಂಜೂರಾದ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಕಾಗದದ ಮೇಲಿರುವ ಬಾಗಿಲು ಗೋಡೆಯಲ್ಲೂ ಇದೆಯೇ ಎಂದು ನೋಡಿ ಬರುವುದು ಅವರ ಕೆಲಸ. ಬಾಗಿಲು ಇರಬೇಕಾದಲ್ಲೇ ಇದ್ದರೆ ಅವರ ಮುಖ ಬಾಡುತ್ತಿತ್ತು. ಒಂದು ಗೇಣು ಆಚೀಚೆ ಆಗಿದ್ದರೆ ನಡಿಗೆಯೇ ಬದಲಾಗುತ್ತಿತ್ತು. ಕಾಗದಕ್ಕೂ ಕಟ್ಟಡಕ್ಕೂ ತಾಳೆಯಾಗದಿದ್ದರೆ ತಪ್ಪು ಕಟ್ಟಡದ್ದೇ, ಕಾಗದ ತಪ್ಪು ಮಾಡುವುದಿಲ್ಲ ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಎನ್ನುವುದಕ್ಕಿಂತ ಯೋಚನೆ ಮಾಡುವ ಕಷ್ಟದಿಂದ ಪಾರಾಗುವ ಉಪಾಯ ಎಂದರೂ ಸರಿಯೇ.

ಒಮ್ಮೆ ಒಂದು ಮನೆಯ ನಕ್ಷೆ ಬರೆದವನು ಮೆಟ್ಟಿಲು ಬರೆಯುವುದನ್ನೇ ಮರೆತಿದ್ದ. ನಮ್ಮ ಮಹಾನುಭಾವರು ಆ ಮನೆಗೆ ಹೋದರು, ಮೆಟ್ಟಿಲು ಹತ್ತಿ ಮಹಡಿಗೆ ಹೋದರು, ಅಲ್ಲಿ ನಿಂತು ‘ಈ ಮನೆಗೆ ಮೆಟ್ಟಿಲು ಇಲ್ಲ’ ಎಂದು ವರದಿ ಬರೆದರು, ಮತ್ತೆ ಅದೇ ಮೆಟ್ಟಿಲು ಇಳಿದು ಬಂದು ಮನೆಯವರು ಕೊಟ್ಟ ಟೀ ಕುಡಿದು ಹೋದರು. ಅಂದಿನಿಂದ ಜನ ಅವರನ್ನು ನಕ್ಷೆ ಸಾಹೇಬರು ಎಂದು ಕರೆಯತೊಡಗಿದರು. ಕರೆದವರು ಹಂಗಿಸಲು ಕರೆದದ್ದು. ಕರೆಸಿಕೊಂಡವರು ಅದನ್ನು ಬಿರುದು ಎಂದು ತಿಳಿದರು. ಹೀಗೆ ಎರಡು ಕಡೆಯವರಿಗೂ ಸಂತೋಷವಾಗಿ ಹೆಸರು ಗಟ್ಟಿಯಾಯಿತು.

ಸಾಹೇಬರ ಬಾಯಿಂದ ಬರದೇ ಇದ್ದ ಮಾತೆಂದರೆ ಒಂದೇ, ‘ತಪ್ಪಾಯ್ತು’. ಬಸ್ಸಿನಲ್ಲಿ ಇನ್ನೊಬ್ಬರ ಕಾಲು ತುಳಿದರೆ, “ಕಾಲು ಇಡೋ ಜಾಗವೇನ್ರೀ ಅದು?” ಎಂದು ತುಳಿಸಿಕೊಂಡವರನ್ನೇ ಗದರುವ ಪೈಕಿ. ಆ ಮಾತು ಒಂದು ಸಲ ಬಾಯಿಂದ ಜಾರಿದರೆ ಮನೆಯ ಸೂರು ಕುಸಿದು, ನೌಕರಿ ಹೋಗಿ, ತಾವು ಬೀದಿಪಾಲಾಗುತ್ತೇವೆ ಎಂದು ಅವರು ನಂಬಿದ್ದಂತೆ ಕಾಣುತ್ತಿತ್ತು.

ಸಾಹೇಬರ ಹೆಂಡತಿಗೆ ದಂತವೈದ್ಯರಿಗಾಗಿ ಹಲ್ಲಿನ ಸೆಟ್ಟು ತಯಾರಿಸಿಕೊಡುವ ಕೆಲಸ. ಇಡೀ ದಿನ ಭೂತಗನ್ನಡಿಯ ಕೆಳಗೆ ಕೂತು ಅಕ್ಕಿಕಾಳಿನಷ್ಟು ಅಳತೆಯ ವ್ಯತ್ಯಾಸವನ್ನು ಉಜ್ಜಿ ಸರಿಮಾಡಿ ಬರುವ ಹೆಂಗಸು. ಮಾತು ಕಡಿಮೆ. ಅವಳ ಹತ್ತಿರ ಒಂದು ಹಳೆಯ ಕಂಪ್ಯೂಟರ್ ಇತ್ತು. ಈಗಿನ ಹಾಗೆ ಮಡಚಿ ಚೀಲದಲ್ಲಿ ಹಾಕುವಂಥದ್ದಲ್ಲ. ನೋಡಲು ದಪ್ಪ ಕೀಬೋರ್ಡಿನಂತೆ ಇತ್ತು. ಕಂಪ್ಯೂಟರೆಲ್ಲ ಆ ಕೀಬೋರ್ಡಿನ ಹೊಟ್ಟೆಯಲ್ಲೇ. ಚಿತ್ರ ಬೇಕಾದರೆ ಮನೆಯ ಟಿವಿಗೆ ತಂತಿ ಸಿಕ್ಕಿಸಬೇಕು, ಆಟ ಬೇಕಾದರೆ ಕ್ಯಾಸೆಟ್ ಹಾಕಿ, ಅದು ಕಿರುಚಿ ಮುಗಿಸುವ ತನಕ ತಾಳ್ಮೆಯಿಂದ ಕೂರಬೇಕು. ಅವಳು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಕೊಡಿಸಿದ್ದು. ಆಗಲೇ ಅವಳು ಅದರಲ್ಲಿ ಸ್ವಂತ ಒಂದು ಆಟ ಬರೆದಿದ್ದಳು. ಒಂದು ಬಸವನಹುಳ ಗೋಡೆ ಹತ್ತುತ್ತದೆ, ಮೇಲಿನಿಂದ ಹನಿ ಬೀಳುತ್ತದೆ, ತಪ್ಪಿಸಿಕೊಳ್ಳದಿದ್ದರೆ ಜಾರಿ ಬುಡಕ್ಕೆ ಬರುತ್ತದೆ. ಇಷ್ಟು ವರ್ಷವಾದರೂ ಆ ಕಂಪ್ಯೂಟರೂ ಕೆಟ್ಟಿರಲಿಲ್ಲ, ಬಸವನಹುಳವೂ ಹತ್ತುವುದನ್ನು ಬಿಟ್ಟಿರಲಿಲ್ಲ.

ಶಾಲೆಯ ದಿನಗಳಲ್ಲಿ ಇಂಥದೇ ಕಂಪ್ಯೂಟರ್ ಇದ್ದವರದು ಒಂದು ಗುಂಪಿತ್ತು. ಎಲ್ಲೆಲ್ಲೋ ಚದುರಿ ಹೋಗಿದ್ದ ಅವರೆಲ್ಲ ಬರುವ ಭಾನುವಾರ ಸಾಹೇಬರ ಮನೆಯಲ್ಲೇ ಸೇರುವುದೆಂದು ನಿಶ್ಚಯವಾಯಿತು. ಉಳಿದವರ ಯಂತ್ರಗಳೆಲ್ಲ ಗುಜರಿಗೋ ಅಟ್ಟಕ್ಕೋ ಸೇರಿದ್ದವು. ಚಾಲೂ ಸ್ಥಿತಿಯಲ್ಲಿ ಇದ್ದದ್ದು ಇವಳದೊಂದೇ.

“ನಂದು ಇನ್ನೂ ಚೆನ್ನಾಗಿ ಓಡ್ತಾ ಇದೆ,” ಎಂದು ಅವಳು ಫೋನಿನಲ್ಲಿ ಗೆಳತಿಗೆ ಹೇಳಿದ್ದು ಸಾಹೇಬರ ಕಿವಿಗೆ ಬಿತ್ತು. ಅಷ್ಟೇ, ಅವರ ನಿದ್ದೆ ಹಾರಿಹೋಯಿತು. ತಾವು ತಪಾಸಣೆ ಮಾಡದ ವಸ್ತುವೊಂದು ತಮ್ಮದೇ ಮನೆಯಲ್ಲಿ, ಯಾರ ಅನುಮತಿಯೂ ಇಲ್ಲದೆ, ಚೆನ್ನಾಗಿ ಓಡುವುದೆಂದರೇನು! ಮೊಬೈಲಿನಲ್ಲಿ ಹುಡುಕಿದರು. ಕನ್ನಡಕದ ಮಹಾಶಯನೊಬ್ಬ ವಿಡಿಯೋದಲ್ಲಿ ಕೂತು, ಹಳೆಯ ಯಂತ್ರಗಳ ಕೆಪಾಸಿಟರ್‌ಗಳು ಒಳಗೊಳಗೇ ಸೋರುತ್ತಿರುತ್ತವೆ, ಎಲ್ಲವನ್ನೂ ಕಿತ್ತು ಹೊಸದು ಹಾಕಿ, ಇಲ್ಲವಾದರೆ ಇಂದೋ ನಾಳೆಯೋ ಯಂತ್ರ ಸತ್ತಂತೆ ಎಂದು ಹೆದರಿಸುತ್ತಿದ್ದ. ಕೆಪಾಸಿಟರ್ ಎಂದರೆ ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳ ಹಾಗೆ ನಿಂತಿರುವ ಬಿಡಿಭಾಗ. ಕರೆಂಟಿನ ಏರಿಳಿತವನ್ನು ತಾಳಿಕೊಳ್ಳುವುದು ಅದರ ಕೆಲಸ. ಅದಕ್ಕೆ ಪ್ಲಸ್ಸು, ಮೈನಸ್ಸು ಎಂದು ಎರಡು ಕಾಲು. ಅದಲುಬದಲು ಮಾಡಿ ಹಾಕಿದರೆ ಉಬ್ಬಿ ಸಿಡಿಯುತ್ತದೆ. ವಿಡಿಯೋದವನು ಅದನ್ನೂ ಹೇಳಿದ್ದ. ಸಾಹೇಬರು ಅದನ್ನು ಬೇರೆಯವರಿಗೆ ಹೇಳಿದ್ದು ಎಂದುಕೊಂಡರು.

ಹೆಂಡತಿ ಕೆಲಸಕ್ಕೆ ಹೋದ ಒಂದು ದಿನ ಸಾಹೇಬರು ರಜೆ ಹಾಕಿ, ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಕಂಪ್ಯೂಟರನ್ನು ಬಿಚ್ಚಿ ಕೂತರು. ಅವರ ಅಮ್ಮ ಕುರ್ಚಿ ಎಳೆದುಕೊಂಡು ಎದುರಿಗೆ ಬಂದು ಕೂತರು.

“ಕೆಟ್ಟೋಗಿದೆಯೇನೋ ಅದು?”

“ಇಲ್ಲಮ್ಮ, ಚೆನ್ನಾಗಿದೆ.”

“ಮತ್ಯಾಕೋ ಬಿಚ್ಚಿದೆ?”

“ಮುಂದೆ ಕೆಡಬಾರ್ದು ಅಂತ.”

ಅಮ್ಮ, “ನಿಮ್ಮಪ್ಪನೂ ಹೀಗೇ ನಮ್ಮ ಗೋಡೆ ಗಡಿಯಾರ ಬಿಚ್ಚಿದ್ರು. ಆಮೇಲೆ ನಾವು ರೇಡಿಯೋ ಕೇಳಿ ಟೈಮು ತಿಳ್ಕೋತಿದ್ವಿ,” ಎಂದರು. ಸಾಹೇಬರು ಕೇಳಿಸಿಕೊಳ್ಳಲಿಲ್ಲ.

ಅವರ ಕೈಕೆಲಸ ಕೆಟ್ಟದಾಗಿರಲಿಲ್ಲ ಎಂದು ಒಪ್ಪಲೇಬೇಕು. ಬೆಸುಗೆ ಮುತ್ತು ಪೋಣಿಸಿದಂತಿತ್ತು. ಬರೀ ಅವಿವೇಕಿಗಳಾಗಿದ್ದರೆ ಬೇಗ ಕೈಬಿಡುತ್ತಾರೆ, ಅಚ್ಚುಕಟ್ಟಾದ ಅವಿವೇಕಿಗಳು ಕೆಲಸ ಮುಗಿಸಿಯೇ ಏಳುತ್ತಾರೆ. ಒಂದೊಂದೇ ಹಳೆಯ ಕೆಪಾಸಿಟರ್ ಕೀಳುವುದು, ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಅಚ್ಚಾದ ಪ್ಲಸ್ ಗುರುತು ನೋಡುವುದು, ಹೊಸದನ್ನು ಕೂರಿಸುವುದು. ಹೀಗೆ ಸಾಗುತ್ತಿದ್ದಾಗ, ಟಿವಿಯ ತಂತಿ ಸಿಕ್ಕಿಸುವ ಮೂಲೆಯಲ್ಲಿ ಅವರ ಕೈ ನಿಂತಿತು. ಕಣ್ಣು ಅರಳಿತು. ಅಲ್ಲಿ ಒಂದು ಕೆಪಾಸಿಟರ್ ತಿರುಗಿ ನಿಂತಿತ್ತು! ಬೋರ್ಡಿನ ಮೇಲೆ ಪ್ಲಸ್ ಗುರುತು ಎಡಕ್ಕೆ, ಕೆಪಾಸಿಟರಿನ ಪ್ಲಸ್ ಕಾಲು ಬಲಕ್ಕೆ. ಅಚ್ಚಾದದ್ದು ಒಂದು, ಕೂರಿಸಿದ್ದು ಇನ್ನೊಂದು.

“ಅಮ್ಮಾ, ಕಾರ್ಖಾನೆಯವ್ರು ತಪ್ಪು ಮಾಡಿದ್ದಾರೆ!” ಎಂದು ಸಾಹೇಬರು ಎದ್ದು ನಿಂತರು. ಮಗ ಹುಟ್ಟಿದನೆಂದು ತಿಳಿದಾಗಲೂ ಅವರ ಮುಖದಲ್ಲಿ ಅಷ್ಟು ಕಳೆ ಬಂದಿರಲಿಲ್ಲ.

“ಇಷ್ಟು ವರ್ಷ ಓಡಿತಲ್ಲೋ?”

“ತಪ್ಪಾಗಿ ಓಡಿದೆ.”

ತಪ್ಪಾಗಿ ಓಡುತ್ತಿದ್ದ ಕಂಪ್ಯೂಟರಿಗೆ ಸಾಹೇಬರು ಸರಿಯಾದ ದಾರಿ ತೋರಿಸಿದರು. ಹೊಸ ಕೆಪಾಸಿಟರನ್ನು ಅಚ್ಚಿನ ಪ್ರಕಾರ, ಅಂದರೆ ಮೊದಲಿದ್ದದ್ದಕ್ಕೆ ತಿರುಗಿಸಿ ಕೂರಿಸಿದರು. ಮುಚ್ಚಳ ಹಾಕುವ ಮೊದಲೇ ತಮ್ಮ ಮುಖ್ಯ ಇಂಜಿನಿಯರಿಗೆ ಫೋನು ಹಚ್ಚಿ, ಒಂದು ಕಂಪನಿ ಇಷ್ಟು ವರ್ಷಗಳಿಂದ ಯಾರಿಗೂ ತಿಳಿಯದಂತೆ ಮುಚ್ಚಿಟ್ಟ ಲೋಪವನ್ನು ತಾವು ಮನೆಯಲ್ಲಿ ಕೂತೇ ಪತ್ತೆ ಹಚ್ಚಿದ್ದಾಗಿ ಹೇಳಿದರು. ಮುಖ್ಯ ಇಂಜಿನಿಯರು ಯಾವ ಮಾತನ್ನೂ ಪೂರ್ತಿ ಕೇಳುವವರಲ್ಲ. ಕೇಳಿದ ಅರ್ಧವನ್ನು ಮಧ್ಯಾಹ್ನದ ಸಭೆಯಲ್ಲಿ ಎಲ್ಲರಿಗೂ ಹೇಳಿದರು. ಸಂಜೆಯ ಹೊತ್ತಿಗೆ ಕಚೇರಿಯಲ್ಲಿ, ನಕ್ಷೆ ಸಾಹೇಬರು ಕಂಪನಿಯೊಂದರ ಮೇಲೆ ಕೇಸು ಗೆದ್ದರಂತೆ ಎಂಬ ಸುದ್ದಿ ಹಬ್ಬಿತ್ತು.

ಸಂಜೆ ಹೆಂಡತಿ ಬಂದಳು. ಮೇಜಿನ ಮೇಲಿದ್ದ ಹಳೆಯ ಕೆಪಾಸಿಟರ್‌ಗಳ ರಾಶಿ ನೋಡಿ ಅವಳ ಕೈಚೀಲ ಕೈಯಲ್ಲೇ ನಿಂತಿತು.

“ಏನ್ರೀ ಇದು?”

“ನಿನಗೊಂದು ಸರ್ಪ್ರೈಸು. ಕೂತ್ಕೋ.”

ಸಾಹೇಬರು ಟಿವಿಗೆ ತಂತಿ ಸಿಕ್ಕಿಸಿ, ಸಿನಿಮಾ ಮಂದಿರ ಉದ್ಘಾಟನೆ ಮಾಡುವವರ ಠೀವಿಯಲ್ಲಿ ಸ್ವಿಚ್ಚು ಒತ್ತಿದರು. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯ ಟೈಲರಮ್ಮ ಟ್ಯಾಂಕು ತುಂಬಿಸಲು ನೀರಿನ ಪಂಪು ಹಾಕಿದರು. ಟಿವಿಯಲ್ಲಿ ಚಿತ್ರ ಬಂತು. ಬಂದದ್ದು ಬಳುಕಿತು. ಸ್ಪೀಕರು ಹೊಟ್ಟೆನೋವು ಬಂದವರ ಹಾಗೆ ನರಳಿತು. ಆಮೇಲೆ ಕಂಪ್ಯೂಟರಿನ ಒಳಗಿನಿಂದ ‘ಟಪ್’ ಎಂದು ಸದ್ದಾಯಿತು. ಕೀಲಿಗಳ ಸಂದಿಯಿಂದ ಸಣ್ಣ ಹೊಗೆ ಎದ್ದು, ಮನೆಯೆಲ್ಲ ಕೊಳೆತ ಮೀನಿನಂಥ ವಾಸನೆ ಹರಡಿತು. ಟಿವಿ ಕಪ್ಪಾಯಿತು.

“ಗಡಿಯಾರದಲ್ಲಿ ಹೊಗೆ ಬಂದಿರ್ಲಿಲ್ಲ,” ಎಂದರು ಅಮ್ಮ, ನ್ಯಾಯವಾಗಿ.

ಹೆಂಡತಿ ತಂತಿ ಕಿತ್ತು, ಮುಚ್ಚಳ ತೆಗೆದು, ಟಾರ್ಚು ಬಿಟ್ಟು ನೋಡಿದಳು. ಮೂಲೆಯಲ್ಲಿ ಒಂದು ಕೆಪಾಸಿಟರ್ ತಲೆ ಬಿರಿದುಕೊಂಡು ನಿಂತಿತ್ತು. ಅವಳು ಅದನ್ನು ನೋಡಿದಳು, ಪಕ್ಕದ ಬಿಳಿ ಗುರುತನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಮೂರನ್ನೂ ಒಂದೇ ರೀತಿ ನೋಡಿದಳು.

“ಇದನ್ನ ತಿರುಗಿಸಿ ಹಾಕಿದ್ದೀರಿ.”

“ಮೊದ್ಲು ತಿರುಗಿತ್ತು. ಈಗ ಸರಿಯಾಗಿದೆ. ಅಚ್ಚು ನೋಡು.”

“ಮೊದ್ಲಿದ್ದಾಗ ಓಡ್ತಿತ್ತಲ್ಲ?”

“ಅದು ಬೇರೆ ವಿಷಯ.”

ಹೆಂಡತಿ ಟಾರ್ಚು ಆರಿಸಿದಳು. “ನೋಡಿ, ನಾನು ಜಗಳ ಆಡಲ್ಲ. ಕೇಳದೆ ಮುಟ್ಟಿದ್ದಕ್ಕೆ ‘ತಪ್ಪಾಯ್ತು’ ಅಂತ ಒಂದು ಮಾತು ಹೇಳಿ. ಇದನ್ನ ನಾನೇ ಸರಿ ಮಾಡ್ಕೋತೀನಿ. ಒಂದು ಟೀ ಕುಡಿಯೋಷ್ಟು ಹೊತ್ತಿನ ಕೆಲಸ. ಭಾನುವಾರ ಅವ್ರೆಲ್ಲ ಬರ್ತಾರೆ.”

ಇಲ್ಲಿ ಬೇರೆ ಯಾರೇ ಆಗಿದ್ದರೂ ಆ ಮಾತು ಹೇಳಿ ಟೀ ಕುಡಿಯುತ್ತಿದ್ದರು, ಈ ಕಥೆಯೂ ಮುಗಿಯುತ್ತಿತ್ತು. ಸಾಹೇಬರು ಬಾಯಿ ತೆರೆದರು. ಸೂರು ನೋಡಿದರು. ಬಾಯಿ ಮುಚ್ಚಿದರು. ಆಗ ಕಿಟಕಿಯಾಚೆ ಪಂಪಿನ ಸದ್ದು ಕೇಳಿಸಿತು.

“ಪಂಪು! ಆಯಮ್ಮನ ಪಂಪು ಶುರುವಾದ ತಕ್ಷಣ ತಾನೇ ಚಿತ್ರ ಬಳುಕಿದ್ದು? ಕರೆಂಟು ಎಳೀತಾ ಇದೆ ಅದು!”

ಮರುದಿನ ಸಂಜೆ ಸಾಹೇಬರು ಸಿಡಿದ ಕೆಪಾಸಿಟರನ್ನು ಕಿತ್ತು ಇನ್ನೊಂದು ಹೊಸದು ಹಾಕಿದರು, ಅಚ್ಚಿನ ಪ್ರಕಾರವೇ. ಸ್ವಿಚ್ಚು ಒತ್ತಿದರು. ಪಂಪು ಓಡುತ್ತಿತ್ತು. ‘ಟಪ್.’ ಅದರ ಮರುದಿನ ಬೆಳಿಗ್ಗೆ ಮತ್ತೊಂದನ್ನು ಹಾಕಿ, ಪಂಪು ನಿಂತಿದ್ದಾಗ ಒತ್ತಿದರು. ಆಗಲೂ ‘ಟಪ್.’ ಸಾಮಾನ್ಯ ಬುದ್ಧಿಯವರು ಇಲ್ಲಿ ಪಂಪನ್ನು ಬಿಟ್ಟುಬಿಡುತ್ತಿದ್ದರು. ಸಾಹೇಬರು, ಪಂಪು ನಿಂತ ಮೇಲೂ ಅದರ ದೋಷ ತಂತಿಯಲ್ಲಿ ಉಳಿದಿರುತ್ತದೆ ಎಂಬ ಹೊಸ ವಿಜ್ಞಾನವನ್ನು ಅಲ್ಲೇ ನಿಂತು ಕಂಡುಹಿಡಿದು, ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ನಡೆದರು.

ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದರು. ಬಿಡಿಬಿಡಿಯಾದ ಬಟ್ಟೆಯ ರಾಶಿಯ ನಡುವೆ ನಿಂತು ಸಾಹೇಬರು ಗಂಭೀರವಾಗಿ, “ನಿಮ್ಮ ಪಂಪಿನಿಂದ ನಮ್ಮ ಕಂಪ್ಯೂಟರ್ ಸಿಡೀತಾ ಇದೆ,” ಎಂದರು.

ಟೈಲರಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು. “ನನ್ನ ಹೊಲಿಗೆ ಮಿಷನ್ನೂ ಕರೆಂಟಲ್ಲೇ ಓಡೋದು ಸಾರ್, ಪಂಪಿನ ಪಕ್ಕದಲ್ಲೇ ಇದೆ. ಅದು ಸಿಡಿದಿಲ್ಲ.”

“ಅದು ಸೂಕ್ಷ್ಮ ಯಂತ್ರ ಅಲ್ಲ.”

“ಸೂಕ್ಷ್ಮ ಯಂತ್ರಾನ ನೀವ್ಯಾಕೆ ಮುಟ್ಟಿದ್ರಿ ಮತ್ತೆ?”

ಉತ್ತರ ಇಲ್ಲದ ಪ್ರಶ್ನೆ ಕೇಳುವವರು ಸಾಹೇಬರ ಲೆಕ್ಕದಲ್ಲಿ ಅಪರಾಧಿಗಳು. ಅವರು ಅಲ್ಲಿಂದ ನೇರವಾಗಿ ವಿದ್ಯುತ್ ಕಚೇರಿಗೆ ಹೋದರು. ಅಲ್ಲಿದ್ದ ಇನ್ಸ್‌ಪೆಕ್ಟರು ದೂರುಗಳನ್ನು ಬಗೆಹರಿಸುವ ಒಂದೇ ಒಂದು ವಿಧಾನ ಬಲ್ಲವರು. ದೂರು ಕೊಟ್ಟವರಿಗೂ ದೂರಿಗೆ ಗುರಿಯಾದವರಿಗೂ ಕರೆಂಟು ಕಡಿತ ಮಾಡುವುದಾಗಿ ಹೆದರಿಸುವುದು. ಆದರೆ ದೂರು ಕೊಟ್ಟವರು ನಗರಸಭೆಯ ನಕ್ಷೆ ಸಾಹೇಬರು, ಇನ್ಸ್‌ಪೆಕ್ಟರು ಹೊಸ ಮನೆ ಕಟ್ಟಿಸುತ್ತಿದ್ದರು. ಹಾಗಾಗಿ ವಿಧಾನದ ಅರ್ಧ ಭಾಗ ಉದುರಿಹೋಯಿತು.

“ಆಯ್ತು ಸಾರ್. ಭಾನುವಾರ ಸಂಜೆ ನಾನೇ ಬರ್ತೀನಿ. ಬೀದಿಯವ್ರೆಲ್ಲ ಪಂಪು, ಮಿಕ್ಸಿ, ಎಲ್ಲಾ ಆಫ್ ಮಾಡ್ಲಿ. ಆಗ ನಿಮ್ಮ ಕಂಪ್ಯೂಟರ್ ಓಡಿದ್ರೆ ತಪ್ಪು ಪಂಪಿಂದು ಅಂತ ರುಜುವಾತಾಯ್ತು. ಸೋಮವಾರ ಆಯಮ್ಮನ ಪಂಪಿನ ಲೈನು ಕಟ್.”

“ಓಡದಿದ್ರೆ?”

“ಓಡದಿದ್ರೆ ಇನ್ನೂ ದೊಡ್ಡ ಪಂಪು ಯಾರ ಮನೇಲೋ ಇದೆ ಅಂತ ಅರ್ಥ.”

ಸರ್ಕಾರಿ ತರ್ಕ ಇಷ್ಟು ಸೊಗಸಾಗಿ ಕೈಹಿಡಿದು ಎತ್ತಿದ್ದನ್ನು ಕಂಡು ಸಾಹೇಬರ ಎದೆ ಉಬ್ಬಿತು. ಭಾನುವಾರ ಸಂಜೆ ಎಲ್ಲ ಆಫ್ ಮಾಡಿ ಎಂದು ಬೀದಿಯ ಮನೆಮನೆಗೂ ಚೀಟಿ ಹಂಚಿದರು. ಬೀದಿಯವರ ಪ್ರತಿಕ್ರಿಯೆಯನ್ನೂ ಹೇಳಬೇಕು. ಟೈಲರಮ್ಮನ ಮನೆಗೆ ನೀರು ಏರಬೇಕಾದರೆ ಪಂಪಿಲ್ಲದೆ ಗತಿಯಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ತಮ್ಮ ಮನೆಯ ನಕ್ಷೆಯಲ್ಲಿ ಯಾವ ಕಿಟಕಿ ಎಲ್ಲಿದೆ ಎಂಬ ಯೋಚನೆ ಎಲ್ಲರ ಬಾಯಿಗೂ ಬೀಗ ಹಾಕಿತ್ತು. ಮೂಲೆ ಮನೆಯವರಂತೂ, “ನಮಗೂ ಆ ಪಂಪಿನ ಮೇಲೆ ಮೊದಲಿಂದ ಅನುಮಾನ ಇತ್ತು ಸಾರ್,” ಎಂದರು. ಅವರು ಕಾರು ನಿಲ್ಲಿಸುವ ಜಾಗದಲ್ಲಿ ಅಡುಗೆಮನೆ ಕಟ್ಟಿಕೊಂಡಿದ್ದರು.

ಕಚೇರಿಯಲ್ಲಿ ಮುಖ್ಯ ಇಂಜಿನಿಯರು, “ಕಂಪನಿ ಮೇಲೆ ಗೆದ್ರಿ, ಈಗ ಪಂಪಿನ ಮೇಲೂ ಗೆಲ್ತಿದ್ದೀರಂತೆ. ನಾನೂ ಬರ್ತೀನ್ರೀ ಭಾನುವಾರ,” ಎಂದರು.

ಹೆಂಡತಿ ಮಾತ್ರ ಆ ಚೀಟಿ ನೋಡಿದ ದಿನ ನಿಧಾನವಾಗಿ ಕೇಳಿದಳು. “ಒಂದು ಮಾತು ಹೇಳೋದು ತಪ್ಪಿಸ್ಕೊಳ್ಳೋಕೆ ಇನ್ನೊಬ್ಬರ ಮನೆ ನೀರು ನಿಲ್ಲಿಸ್ತೀರಾ?”

“ಇದು ತಾಂತ್ರಿಕ ವಿಷಯ,” ಎಂದರು ಸಾಹೇಬರು.

ಅವಳು ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. “ಇನ್ನು ಇದನ್ನ ಭಾನುವಾರವೇ ತೆಗೆಯೋದು.” ಸಾಹೇಬರಿಗೆ ಇದು ಒಳ್ಳೆಯದೇ ಅನ್ನಿಸಿತು. ಅವರ ಹತ್ತಿರ ಸಿಡಿಸಲು ಬೇರೆ ಕೆಪಾಸಿಟರ್ ಉಳಿದಿರಲಿಲ್ಲ. ಕೊನೆಯದನ್ನು ಹಾಕಿ, ಒತ್ತಿ ನೋಡಲು ಧೈರ್ಯ ಸಾಲದೆ ಹಾಗೇ ಬಿಟ್ಟಿದ್ದರು.

ಭಾನುವಾರ ಸಂಜೆ ಸಾಹೇಬರ ನಡುಮನೆ ತುಂಬಿತು. ಹೆಂಡತಿಯ ಶಾಲೆಯ ಗುಂಪಿನವರು ಬಂದರು. ಕೂದಲು ನರೆತ, ಹೊಟ್ಟೆ ಬಂದ, ಕಣ್ಣಲ್ಲಿ ಮಾತ್ರ ಹಳೆಯ ತುಂಟತನ ಉಳಿಸಿಕೊಂಡ ಜನ. ಅವರ ಹರಟೆಯ ಗದ್ದಲದಲ್ಲಿ ಹೊರಗಿನ ಸದ್ದೇನೂ ಒಳಗೆ ಕೇಳಿಸುವಂತಿರಲಿಲ್ಲ. ಇನ್ಸ್‌ಪೆಕ್ಟರು ವರದಿ ಬರೆಯಲು ಕಡತ ಹಿಡಿದು ಬಂದರು. ಮುಖ್ಯ ಇಂಜಿನಿಯರಿಗೆ ಒಳ್ಳೆಯ ಸೋಫಾ ಕೊಟ್ಟಾಯಿತು. ಟೈಲರಮ್ಮ ಬಂದು ಬಾಗಿಲ ಬಳಿ ಗೋಡೆಗೆ ಒರಗಿ ನಿಂತರು. ಬೀದಿಯವರೂ ಚೀಟಿಯ ಮಾತು ಪಾಲಿಸಿದ್ದರು. ಮಿಕ್ಸಿ ಇಲ್ಲ, ಟಿವಿ ಇಲ್ಲ, ಫ್ಯಾನು ಸಹ ಇಲ್ಲ. ಜನ ತಂತಮ್ಮ ಕಿಟಕಿಯಲ್ಲಿ ಬೀಸಣಿಗೆ ಹಿಡಿದು ಬೆವರೊರೆಸಿಕೊಳ್ಳುತ್ತಾ ನಿಂತಿದ್ದರು.

ಹೆಂಡತಿ ಬೀರು ತೆಗೆದು ಕಂಪ್ಯೂಟರ್ ತಂದಿಟ್ಟಳು. ತಂತಿ ಸಿಕ್ಕಿಸಿದಳು. ಸಾಹೇಬರ ಕಡೆ ತಿರುಗಿ, “ಕೊನೇ ಸಲ ಕೇಳ್ತೀನಿ. ಏನಾದ್ರೂ ಹೇಳೋದಿದೆಯಾ?” ಎಂದಳು.

“ಇದೆ. ಓಡಿದ ಮೇಲೆ ಹೇಳ್ತೀನಿ,” ಎಂದು ಸಾಹೇಬರು ಜೇಬಿನಲ್ಲಿದ್ದ ಭಾಷಣವನ್ನು ತಟ್ಟಿ ನೋಡಿಕೊಂಡರು. ಒಳಗೊಳಗೇ ಮಾತ್ರ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಅವಳು ಸ್ವಿಚ್ಚು ಒತ್ತಿದಳು. ಟಪ್ ಎನ್ನಲಿಲ್ಲ. ಟಿವಿಯಲ್ಲಿ ನೀಲಿ ಪರದೆ ಮೂಡಿ, ಬಳುಕದೆ, ಅಲುಗದೆ ನಿಂತಿತು. ಕ್ಯಾಸೆಟ್ಟು ಕಿರುಚಿತು, ಎಲ್ಲರೂ ತಾಳ್ಮೆಯಿಂದ ಕೂತರು, ಆಮೇಲೆ ಗೋಡೆಯ ಬುಡದಲ್ಲಿ ಬಸವನಹುಳ ಕೊಂಬು ಅಲ್ಲಾಡಿಸಿತು. ಗುಂಪಿನವರು ಚಪ್ಪಾಳೆ ತಟ್ಟಿದರು. ಒಬ್ಬಾಕೆಯ ಕಣ್ಣಲ್ಲಿ ನೀರು ಬಂತು.

ಸಾಹೇಬರಿಗೆ ಕ್ಷಣಕಾಲ ಆಶ್ಚರ್ಯವಾಯಿತು. ಆಶ್ಚರ್ಯವನ್ನು ಅವರು ಬೇಗ ನುಂಗಿಕೊಂಡು ಎದ್ದು ನಿಂತರು.

“ಮಹನೀಯರೇ! ಪಂಪು ನಿಂತಿದೆ, ಕಂಪ್ಯೂಟರ್ ಓಡ್ತಿದೆ. ಇದಕ್ಕಿಂತ ರುಜುವಾತು ಬೇಕಾ? ನನ್ನ ಮನೆಯವರೇ ನನ್ನನ್ನ ಅನುಮಾನಿಸಿದರು. ಕೆಪಾಸಿಟರ್ ತಿರುಗಿದೆ ಅಂದರು. ಆದರೆ ಅಚ್ಚಾದ ಅಕ್ಷರ ಸುಳ್ಳು ಹೇಳೋದಿಲ್ಲ...”

“ಭೇಷ್!” ಎಂದರು ಮುಖ್ಯ ಇಂಜಿನಿಯರು, ಕಣ್ಣು ಬಸವನಹುಳದ ಮೇಲೇ ಇಟ್ಟು. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು, “ಹಾಗಾದ್ರೆ ಬರೀತೀನಿ ಸಾರ್. ಪಂಪಿನ ಲೈನು...” ಎಂದವರು ತಲೆಯೆತ್ತಿದರು. “ಮಳೆ ಬರ್ತಿದೆಯಾ?”

ಎಲ್ಲರೂ ಕಿಟಕಿಯ ಕಡೆ ನೋಡಿದರು. ಆಚೆ ಸಂಜೆಯ ಬಿಸಿಲು ಫಳಫಳ ಹೊಳೆಯುತ್ತಿತ್ತು. ಆ ಬಿಸಿಲಿನಲ್ಲಿ ಪಕ್ಕದ ಮನೆಯ ತಾರಸಿಯಿಂದ ನೀರು ಧೋ ಎಂದು ಸಾಹೇಬರ ಅಂಗಳಕ್ಕೆ ಸುರಿಯುತ್ತಿತ್ತು.

“ಅಯ್ಯೋ, ಟ್ಯಾಂಕು ತುಂಬಿಹೋಯ್ತು!” ಎಂದರು ಟೈಲರಮ್ಮ. “ಇಷ್ಟು ಬೇಗ ತುಂಬುತ್ತೆ ಅಂದ್ಕೊಂಡಿರ್ಲಿಲ್ಲ.”

ಇನ್ಸ್‌ಪೆಕ್ಟರು ಪೆನ್ನನ್ನು ಹಾಳೆಯಿಂದ ಎತ್ತಿದರು.

“ಪಂಪು... ಓಡ್ತಾ ಇದೆಯಾ?” ಎಂದು ಸಾಹೇಬರು ಕೇಳಿದರು.

“ಆಗ್ಲಿಂದ ಓಡ್ತಾನೇ ಇದೆ ಸಾರ್. ನಿಮ್ಮ ಮನೆಯವ್ರೇ ಹೇಳಿದ್ದು, ಅಕ್ಕಾ ನೀವು ಪಂಪು ಹಾಕಿಯೇ ಬನ್ನಿ ಅಂತ,” ಎಂದು ಟೈಲರಮ್ಮ ಸೆರಗು ಸಿಕ್ಕಿಸಿಕೊಂಡು ಪಂಪು ನಿಲ್ಲಿಸಲು ಓಡಿದರು.

ಹೆಂಡತಿ ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. “ನೀವು ವಿದ್ಯುತ್ ಕಚೇರಿಗೆ ಹೋಗಿ ಬಂದು ಚೀಟಿ ಹಂಚ್ತಾ ಇದ್ರಲ್ಲ, ಆಗಲೇ ತಿರುಗಿಸಿ ಹಾಕಿದ್ದೆ, ಆಮೇಲೇ ಬೀರುವಲ್ಲಿಟ್ಟಿದ್ದು. ಕಾರ್ಖಾನೆಯವ್ರು ಹೇಗೆ ಹಾಕಿದ್ರೋ ಹಾಗೆ. ನಿಮ್ಮ ಮಾತಿಗೆ ಕಾಯ್ತಾ ಕೂತಿದ್ರೆ ಭಾನುವಾರ ಮುಗಿದೇ ಹೋಗ್ತಿತ್ತು.”

“ಆದರೆ ಅಚ್ಚಿನಲ್ಲಿ...”

“ಅಚ್ಚು ತಪ್ಪು ಸಾರ್,” ಎಂದರು ಗುಂಪಿನ ಹೊಟ್ಟೆಯವರೊಬ್ಬರು, ದಯೆಯಿಂದ. “ಈ ಮಾಡೆಲಿನ ಎಲ್ಲಾ ಬೋರ್ಡಲ್ಲೂ ಆ ಒಂದು ಪ್ಲಸ್ಸು ಉಲ್ಟಾ ಅಚ್ಚಾಗಿದೆ. ಜೋಡಿಸೋವ್ರು ಅದನ್ನ ಲೆಕ್ಕಕ್ಕೆ ತಗೊಳ್ದೆ ಸರಿಯಾಗಿ ಜೋಡಿಸ್ತಿದ್ರು. ನಮಗೆಲ್ಲ ಗೊತ್ತು. ಇದನ್ನ ನಂಬಿ ಹಾಕಿದವ್ರನ್ನ ಇವತ್ತೇ ನೋಡಿದ್ದು.”

ಸಾಹೇಬರು ಇಂಗು ತಿಂದ ಮಂಗನ ಹಾಗೆ ನಿಂತರು. ಅಚ್ಚು ತಪ್ಪಾಗುತ್ತದೆ ಎಂದರೆ ನಕ್ಷೆ ತಪ್ಪಾಗುತ್ತದೆ, ನಕ್ಷೆ ತಪ್ಪಾಗುತ್ತದೆ ಎಂದರೆ... ಮುಂದೆ ಯೋಚಿಸಲು ಅವರ ತಲೆಗೆ ಅಭ್ಯಾಸವಿರಲಿಲ್ಲ.

“ಹಾಗಾದ್ರೆ ತಪ್ಪು ಯಾರದ್ದು ಅಂತ ಬರೀಲಿ ಸಾರ್?” ಎಂದು ಇನ್ಸ್‌ಪೆಕ್ಟರು ಪೆನ್ನು ಹಿಡಿದೇ ಕೇಳಿದರು. ಅವರಿಗೆ ವ್ಯಂಗ್ಯ ಗೊತ್ತಿರಲಿಲ್ಲ, ಖಾಲಿ ಬಿಟ್ಟ ಸಾಲನ್ನು ತುಂಬಬೇಕಿತ್ತು ಅಷ್ಟೇ. ಆಮೇಲೆ ಅವರು ಆ ಸಾಲನ್ನು ಖಾಲಿಯೇ ಬಿಟ್ಟು ಕಡತ ಮುಚ್ಚಿ, ಮುಖ್ಯ ಇಂಜಿನಿಯರ ಪಕ್ಕ ಹೋಗಿ ಕೂತರು. ಮುಖ್ಯ ಇಂಜಿನಿಯರು ಆಗಲೇ ಸಾಹೇಬರ ಹೆಂಡತಿಯ ಕೈಯಿಂದ ಕೀಬೋರ್ಡು ಇಸಿದುಕೊಂಡು ಆಟಕ್ಕೆ ಇಳಿದಿದ್ದರು. “ಎಡಕ್ಕೆ, ಎಡಕ್ಕೆ ಸಾರ್, ಹನಿ ಬಂತು!” ಎಂದು ಹಿಂದಿನಿಂದ ಎಲ್ಲರೂ ಕೂಗುತ್ತಿದ್ದರು.

ಸಾಹೇಬರು ಒಣಗಿದ ತುಟಿ ಸವರಿಕೊಂಡರು. ಸೂರು ನೋಡಿದರು. ಕಣ್ಣು ಮುಚ್ಚಿ, ಕೆಳದನಿಯಲ್ಲಿ, “ತಪ್ಪಾಯ್ತು,” ಎಂದರು.

ಸೂರು ಬೀಳಲಿಲ್ಲ. ಯಾರೂ ತಿರುಗಿಯೂ ನೋಡಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಕೊಟ್ಟರೂ ಇಸಿದುಕೊಳ್ಳುವವರಿಲ್ಲದೆ ಅವರಿಗೆ ಅಳು ಬರುವಷ್ಟು ಅವಮಾನವಾಯಿತು. ಹೆಂಡತಿಯ ಪಕ್ಕಕ್ಕೆ ಹೋಗಿ ಇನ್ನೊಮ್ಮೆ ಹೇಳಿದರು.

“ಕೇಳಿಸ್ತು,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನನಗೆ ಹೇಳಿದ್ದು ಸಾಕು. ಅವ್ರಿಗೆ ಹೇಳಿ ಬನ್ನಿ. ಟಿವಿಗೆ ಅಡ್ಡ ನಿಂತಿದ್ದೀರಿ.”

ಸಾಹೇಬರು ಅಂಗಳಕ್ಕೆ ಬಂದರು. ಪಕ್ಕದ ತಾರಸಿಯ ಮೇಲೆ ಟೈಲರಮ್ಮ ಟ್ಯಾಂಕಿನ ಮುಚ್ಚಳ ಸರಿಪಡಿಸುತ್ತಿದ್ದರು. ತಾರಸಿಯಲ್ಲಿ ತುಂಬಿ ನಿಂತಿದ್ದ ನೀರು ಇನ್ನೂ ಸುರಿಯುತ್ತಿತ್ತು. ಸಾಹೇಬರು ಅದರ ಕೆಳಗೇ ನಿಂತು ತಲೆಯೆತ್ತಿ, “ತಪ್ಪಾಯ್ತು!” ಎಂದರು.

“ಏನ್ ಸಾರ್? ನೀರಿನ ಸದ್ದಲ್ಲಿ ಕೇಳಿಸ್ತಿಲ್ಲ! ಪಂಪು ಆಫ್ ಮಾಡಿದ್ದೀನಿ!”

“ತಪ್ಪಾಯ್ತು!”

“ಏನ್ ತಪ್ಪೋಯ್ತು?”

“ತಪ್ಪೋಗಿಲ್ಲಮ್ಮ! ತಪ್ಪಾಯ್ತು! ತಪ್ಪು!”

“ಯಾರ್ದು?”

ಅಷ್ಟರಲ್ಲಿ ನೀರು ನಿಂತಿತು. ತಲೆಯಿಂದ ಕಾಲಿನವರೆಗೆ ತೊಯ್ದ ಸಾಹೇಬರು ಶ್ವಾಸಕೋಶದಲ್ಲಿ ಇದ್ದಬದ್ದ ಗಾಳಿಯನ್ನೆಲ್ಲ ಸೇರಿಸಿ, “ನಂದು!” ಎಂದು ಕೂಗಿದರು. ಪಂಪು, ಮಿಕ್ಸಿ, ಟಿವಿ, ಫ್ಯಾನು ಎಲ್ಲ ನಿಲ್ಲಿಸಿ ಕಿಟಕಿಗಳಲ್ಲಿ ಕಾದು ನಿಂತಿದ್ದ ಆ ಬೀದಿಯಲ್ಲಿ, ಆ ಮಾತು ಕೊನೆಯ ಮನೆಯವರೆಗೂ ಸ್ಪಷ್ಟವಾಗಿ ಕೇಳಿಸಿತು.